ರೆಪ್ಪೆಯ ಮೇಲಿನ ಕಾವಿ

ಈ ಮಾಸಪತ್ರಿಕೆಯಲ್ಲಿ ನಮ್ಮ ಹಿಂದಿನ ಬರಹಗಳನ್ನು ಓದಿದ ಸಹೃದಯ ಬಂಧುಗಳು ಈ ತಿಂಗಳಿನ ವಿಷಯವನ್ನು ಕಂಡು ಹುಬ್ಬೇರಿಸಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ತಾಡವೋಲೆಗಳ ಪಾಠಾಂತರ, ಶಬ್ದಾರ್ಥ ವಿಚಾರ, ಹಳೆಯ ದಾನಪತ್ರಗಳ ಪರಿಶೀಲನೆ ಇವುಗಳಲ್ಲಿಯೇ ನಲವತ್ತು ವರ್ಷಗಳನ್ನು ಕಳೆದ ನಾವು, ಹೆಣ್ಣುಮಕ್ಕಳು ಕಣ್ಣಿನ ರೆಪ್ಪೆಗೆ ಹಚ್ಚಿಕೊಳ್ಳುವ ಬಣ್ಣದ ಡಬ್ಬಿಯೊಂದನ್ನು ಕುರಿತು ಬರೆಯಲು ಕುಳಿತೇವೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೂ ಬರೆಯಬೇಕಾಗಿದೆ. ಬರೆಯದೆ ಉಳಿದ ಮಾತೊಂದು ಹದಿಮೂರು ವರ್ಷಗಳಿಂದ ನಮ್ಮ ಮನೆಯಲ್ಲಿಯೇ ಇತ್ತು. ಅದನ್ನು ಹೊರಗೆ ತಂದದ್ದು ಈ ಡಬ್ಬಿ.

2024ರ ವೈಶಾಖದಲ್ಲಿ ನಮ್ಮ ತಮ್ಮನ ಮಗನ ಮದುವೆ. ಅದಕ್ಕೆಂದು ಹುಬ್ಬಳ್ಳಿಯಲ್ಲಿ ಓದುತ್ತಿರುವ ಮೊಮ್ಮಗಳು, ನಮ್ಮ ಹಿರಿಯ ಮಗಳ ಮಗಳು, ನಾಲ್ಕು ದಿನ ಮೊದಲೇ ಧಾರವಾಡಕ್ಕೆ ಬಂದಳು. ಬಂದವಳು ತನ್ನ ಕೈಚೀಲವನ್ನು ನಮ್ಮ ಬರೆಯುವ ಮೇಜಿನ ಮೇಲೆಯೇ ಬರಿದು ಮಾಡಿ ಸ್ನಾನಕ್ಕೆ ಹೋದಳು. ಅವಳ ಸಾಮಾನುಗಳ ನಡುವೆ ಅಂಗೈ ಅಗಲದ ಚಪ್ಪಟೆಯಾದ ಡಬ್ಬಿಯೊಂದಿತ್ತು. ಕಂಪಾಸ್ ಪೆಟ್ಟಿಗೆಯಿರಬಹುದೆಂದು ಮುಚ್ಚಳ ತೆರೆದೆವು. ಒಳಗೆ ಒಂದು ಕನ್ನಡಿ. ಅದರ ಕೆಳಗೆ ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು ಪುಟ್ಟ ಬಟ್ಟಲುಗಳು. ಒಂದೊಂದರಲ್ಲಿಯೂ ಒತ್ತಿ ಕೂರಿಸಿದ ಪುಡಿ. ಕೆಂಪಿಲ್ಲ, ಹಸಿರಿಲ್ಲ, ನೀಲಿಯಿಲ್ಲ. ಎಲ್ಲವೂ ಮಣ್ಣಿನ ಬಣ್ಣಗಳೇ. ಒಂದು ಹಾಲಿನ ಕೆನೆ, ಒಂದು ಗೋಧಿ ಹಿಟ್ಟು, ಒಂದು ಜೋನಿ ಬೆಲ್ಲ, ಒಂದು ಹುರಿದ ಕಡಲೆಬೇಳೆ, ಕಡೆಯದು ನಮ್ಮ ಎರೆಭೂಮಿ. ಶೃಂಗಾರದ ಸಾಮಗ್ರಿಯೆಂದರೆ ಕಣ್ಣು ಕೋರೈಸಬೇಕಲ್ಲವೆ? ಇದನ್ನು ಹಣ ಕೊಟ್ಟು ಕೊಳ್ಳುವವರೂ ಇದ್ದಾರೆಯೆ ಎಂದು ನಮಗೆ ಸೋಜಿಗವಾಯಿತು.

"ಅಜ್ಜಾ, ಅದು ಐಶ್ಯಾಡೋ ಪ್ಯಾಲೆಟ್. ಟ್ಯೂಶನ್ ಹೇಳಿದ ರೊಕ್ಕದಾಗ ತೊಗೊಂಡೀನಿ. ಎಲ್ಲಾ ನ್ಯೂಟ್ರಲ್ ಬಣ್ಣ" ಎಂದಳು ಹಿಂದಿರುಗಿ ಬಂದ ಮೊಮ್ಮಗಳು.

"ನ್ಯೂಟ್ರಲ್ ಅಂದರೆ?"

"ಅಂದ್ರ, ಯಾರ ಕಣ್ಣಿಗೂ ಹೊಡಿಯಂಗಿಲ್ಲ. ಹಚ್ಚಿಕೊಂಡಿದ್ದು ಗೊತ್ತಾಗಂಗಿಲ್ಲ, ಆದ್ರ ಕಣ್ಣು ಛಂದ ಕಾಣತಾವ."

ತಟಸ್ಥ ವರ್ಣಗಳು ಎಂದು ನಾವು ಮನಸ್ಸಿನಲ್ಲಿಯೇ ಕನ್ನಡಿಸಿಕೊಂಡೆವು. ತಟದಲ್ಲಿ ನಿಂತವನು ತಟಸ್ಥ; ಹೊಳೆಗೆ ಇಳಿಯದವನು. ಶಬ್ದದ ಹಿಂದೆ ಹೋಗುವುದು ನಮ್ಮ ಹಳೆಯ ಚಟ. ಅಂದು ಆ ಶಬ್ದವು ನಮ್ಮನ್ನು ಎಲ್ಲಿಗೆ ಕರೆದೊಯ್ಯಲಿದೆಯೆಂಬ ಸುಳಿವು ನಮಗಿರಲಿಲ್ಲ.

ಡಬ್ಬಿಯ ಬೆನ್ನಿನ ಮೇಲೆ ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಏನೋ ಅಚ್ಚಾಗಿತ್ತು. ಅಕ್ಷರ ಕಂಡರೆ ಓದದೆ ಬಿಡಲಾಗದು. ಓಲೆಗರಿ ಓದುವ ಭೂತಕನ್ನಡಿಯನ್ನೇ ತೆಗೆದುಕೊಂಡು ಕುಳಿತೆವು. ಹಸ್ತಪ್ರತಿಗಳ ಸೂಚಿಯಲ್ಲಿರುವಂತೆ ಪ್ರತಿಯೊಂದು ವರ್ಣದ್ರವ್ಯಕ್ಕೂ ಒಂದು ಕ್ರಮಸಂಖ್ಯೆ. 77491, 77492, 77499. ಮೂರೂ ಐರನ್ ಆಕ್ಸೈಡುಗಳು, ಎಂದರೆ ಕಬ್ಬಿಣದ ತುಕ್ಕಿನ ಕುಲಕ್ಕೆ ಸೇರಿದವು. ಮೊದಲನೆಯದು ಕೆಂಪು, ಎರಡನೆಯದು ಹಳದಿ, ಮೂರನೆಯದು ಕಪ್ಪು. ಡಬ್ಬಿಯ ಕಂದುಬಣ್ಣಗಳೆಲ್ಲ ಈ ಮೂರರ ಹೆಚ್ಚುಕಡಿಮೆಯ ಬೆರಕೆಗಳು. ಕಬ್ಬಿಣದ ಕೆಂಪು ಎಂದರೆ ಮತ್ತೇನು? ಅದೇ ಕಾವಿ.

ಇಲ್ಲಿ ನಮ್ಮ ಕೈ ಒಂದು ಕ್ಷಣ ನಿಂತಿತು. ಹನ್ನೊಂದನೆಯ ವಯಸ್ಸಿನಲ್ಲಿ ಮಠದ ವಿದ್ಯಾರ್ಥಿನಿಲಯಕ್ಕೆ ಸೇರಿದ ನಮಗೆ ಮೊದಲು ಒಪ್ಪಿಸಿದ ಕೆಲಸ ಪಾಠವಲ್ಲ, ಕಾವಿ ಅರೆಯುವುದು. ಕಾವಿಕಲ್ಲನ್ನು ಬಂಡೆಯ ಮೇಲೆ ನೀರು ಚಿಮುಕಿಸಿ ಅರೆಯಬೇಕು; ತೆಳುಬಟ್ಟೆಯಲ್ಲಿ ಸೋಸಬೇಕು; ಮರಳು ತಳಕ್ಕೆ ಇಳಿದ ಮೇಲೆ ತಿಳಿಯಾಗಿ ತೇಲುವ ನುಣುಪನ್ನು ಮಾತ್ರ ಬೇರೆ ಪಾತ್ರೆಗೆ ಬಸಿಯಬೇಕು; ಅದರಲ್ಲಿ ಹಿರಿಯ ಸ್ವಾಮಿಗಳವರ ಬಟ್ಟೆಗಳನ್ನು ಅದ್ದಿ ನೆರಳಿನಲ್ಲಿ ಹರವಬೇಕು. ವಾರಗಟ್ಟಲೆ ನಮ್ಮ ಉಗುರುಗಳ ಸಂದಿಯಲ್ಲಿ ಆ ಕೆಂಪು ಹೋಗುತ್ತಿರಲಿಲ್ಲ. ಲೋಕದ ಸೊಬಗನ್ನು ಬಿಟ್ಟವರ ಗುರುತೆಂದು ಅರಿತಿದ್ದ ಆ ಬಣ್ಣವೇ ಇಲ್ಲಿ ಎರಡನೆಯ ಸಾಲಿನ ನಡುವಣ ಬಟ್ಟಲಿನಲ್ಲಿ ನುಣ್ಣಗೆ ಕುಳಿತಿತ್ತು. ಒಂದು ವ್ಯತ್ಯಾಸವುಂಟು. ನೆಲದಿಂದ ಅಗೆದ ಕಾವಿಯಲ್ಲಿ ಸೀಸ, ಪಾಷಾಣಗಳಂಥ ಕಶ್ಮಲಗಳು ಇರಬಹುದಾದ್ದರಿಂದ, ಮೈಗೆ ಹಚ್ಚುವ ಬಣ್ಣಕ್ಕೆ ಕಾರ್ಖಾನೆಯಲ್ಲಿ ತಯಾರಿಸಿದ ಶುದ್ಧ ಕಾವಿಯನ್ನೇ ಬಳಸುತ್ತಾರೆ.

ಉಳಿದ ದ್ರವ್ಯಗಳೂ ಪರಿಚಿತರೇ. ಪುಡಿಯ ಮೈಗೆ ನುಣುಪು ಕೊಡುವುದು ಟಾಲ್ಕ್. ನಮ್ಮ ಬಳಪದ ಕಲ್ಲಿನ ಮೃದುತ್ವವೆಲ್ಲ ಇದರದೇ. ನಾವು ಪಾಟಿಯ ಮೇಲೆ ಓಂ ತಿದ್ದಿದ್ದು ಆ ಕಲ್ಲಿನಿಂದ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲದ ಶಿಲ್ಪಗಳನ್ನು ಕಡೆದದ್ದೂ ಅದೇ ಬಗೆಯ ಮೃದುಶಿಲೆಯಲ್ಲಿ. ಅಲ್ಲಿಯ ಮದನಿಕೆಯರಲ್ಲಿ ಒಬ್ಬಳು ಕೈಯಲ್ಲಿ ಕನ್ನಡಿ ಹಿಡಿದು ಒಂಬೈನೂರು ವರ್ಷಗಳಿಂದ ಮುಖ ನೋಡಿಕೊಳ್ಳುತ್ತ ನಿಂತಿದ್ದಾಳೆ. ದರ್ಪಣಸುಂದರಿಯೆಂದು ಅವಳನ್ನು ಹೊಗಳುವ ನಾವೇ, ಮನೆಯ ಹುಡುಗಿ ಕನ್ನಡಿಯ ಮುಂದೆ ಹತ್ತು ನಿಮಿಷ ನಿಂತರೆ ಗದರುತ್ತೇವೆ. ಇರಲಿ.

ಕೊನೆಯ ಸಾಲಿನ ಎರಡು ಬಟ್ಟಲುಗಳಲ್ಲಿ ಮಿನುಗು ಇತ್ತು. ಮಿನುಗಿಗೆ ಕಾರಣ ಅಭ್ರಕ, ಹಳ್ಳಿಯವರ ಮಾತಿನಲ್ಲಿ ಕಾಗೆಬಂಗಾರ. ಈ ಕಾಗೆಬಂಗಾರದ ಕಥೆ ಮಾತ್ರ ಮಿನುಗುವಂಥದಲ್ಲ. ಜಾರ್ಖಂಡದ ಕೋಡರ್ಮಾ, ಗಿರಿಡಿಹ್ ಜಿಲ್ಲೆಗಳ ಅನಧಿಕೃತ ಗಣಿಗಳಲ್ಲಿ ಚಿಕ್ಕ ಮಕ್ಕಳು ಮಣ್ಣು ಜರಡಿ ಹಿಡಿದು ಇದನ್ನು ಆಯುತ್ತಿದ್ದುದೂ, ಕುಸಿದ ಗುಂಡಿಗಳಲ್ಲಿ ಕೆಲವು ಮಕ್ಕಳು ಪ್ರಾಣ ಕಳೆದುಕೊಂಡದ್ದೂ 2016ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಮರುವರ್ಷ ಕಂಪನಿಗಳೂ ಸೇವಾಸಂಸ್ಥೆಗಳೂ ಕೂಡಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡವು. ಕೆಲವರು ಗಣಿಯ ಅಭ್ರಕವನ್ನು ಬಿಟ್ಟು ಕಾರ್ಖಾನೆಯ ಅಭ್ರಕವನ್ನು ಬಳಸುತ್ತಾರೆ. ಮೊಮ್ಮಗಳು ಅದರ ಹೆಸರನ್ನು ಡಬ್ಬಿಯ ಮೇಲೆ ಬೆರಳಿಟ್ಟು ತೋರಿಸಿದಳು: ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್. ಅದನ್ನು ಉಚ್ಚರಿಸಲು ನಾವು ಮೂರು ಸಲ ಪ್ರಯತ್ನಿಸಿದೆವು; ಅವಳು ಮೂರು ಸಲ ನಕ್ಕಳು.

ನಮ್ಮ ವಾಚಕರ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಇಂಥ ಡಬ್ಬಿಗಳಲ್ಲಿ ನಸುಗೆಂಪು, ನೇರಳೆಯ ಛಾಯೆಗಳಿದ್ದರೆ 75470 ಎಂಬ ಸಂಖ್ಯೆಯನ್ನು ಹುಡುಕಿರಿ. ಅದು ಕಾರ್ಮೈನ್. ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಜಾತಿಯ ಕೀಟಗಳನ್ನು ಒಣಗಿಸಿ ತೆಗೆಯುವ ಕೆಂಪು. ಪುಡಿಯನ್ನು ಹಿಡಿದಿಡುವ ಸ್ಟಿಯರೇಟ್ ಎಂಬ ದ್ರವ್ಯವೂ ಸಸ್ಯದ ಎಣ್ಣೆಯಿಂದ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಮಾಂಸದ ಅಂಗಡಿಯ ಎದುರು ಮೂಗು ಮುಚ್ಚಿಕೊಂಡು ಹೋಗುವ ನಮ್ಮ ಮನೆಗಳಲ್ಲಿ ಇದನ್ನು ಕೇಳಿದವರೆಷ್ಟು ಮಂದಿ? ಮೊಮ್ಮಗಳು ಕೇಳಿ, ಸಸ್ಯಮೂಲದ್ದೆಂದು ಖಾತ್ರಿ ಮಾಡಿಕೊಂಡೇ ತಂದಿದ್ದಳು. ನಾವು ಅವಳಿಗೆ ಬುದ್ಧಿ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆವು.

ಮಾರನೆಯ ಬೆಳಿಗ್ಗೆ ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ ಅವಳ ಪ್ರಯೋಗ ಆರಂಭವಾಯಿತು. ನಮ್ಮ ಮನೆಯವರು ಒಂದು ಬದಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ನಾವು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಅಂಚಿನಿಂದ ನೋಡುತ್ತಿದ್ದೆವು.

ಮೊದಲು ರೆಪ್ಪೆಗೆ ಪ್ರೈಮರ್ ಎಂಬ ತೆಳುವಾದ ಲೇಪ. ಗೋಡೆಗೆ ಸುಣ್ಣ ಹಚ್ಚುವ ಮುನ್ನ ಮೈ ಹದ ಮಾಡುವಂತೆ ಇದೂ ಒಂದು ಹದ. ಬಣ್ಣ ಜಾರದಂತೆ ಹಿಡಿಯುತ್ತದೆ. ಬಳಿಕ ಬಿರುಸಿಲ್ಲದ ಅಗಲ ಬ್ರಶ್ಶಿನಿಂದ ನಡುವಣ ಬಣ್ಣವನ್ನು ಮುಟ್ಟಿ, ಹೆಚ್ಚಿನ ಪುಡಿಯನ್ನು ಕೊಡವಿ, ಕಣ್ಣುಗುಡ್ಡೆಯ ಮೇಲಣ ಮಡಿಕೆಯಲ್ಲಿ ಅತ್ತಿಂದಿತ್ತ ಆಡಿಸಿದಳು. ಕೊಡವುವುದೇ ಮುಖ್ಯವಂತೆ. ಒಮ್ಮೆ ಹೆಚ್ಚಾದರೆ ತೆಗೆಯುವುದು ಕಷ್ಟ, ಕಡಿಮೆಯಾದರೆ ಮತ್ತೆ ಸೇರಿಸಬಹುದು. ಹೊರತುದಿಗೆ ಎರೆಮಣ್ಣಿನ ಬಣ್ಣ ತುಸುವೇ ತುಸು. ರೆಪ್ಪೆಯ ನಡುವೆ ಕೆನೆಬಣ್ಣ. ಕೊನೆಗೆ ಯಾವ ಪುಡಿಯೂ ಇಲ್ಲದ ಬ್ರಶ್ಶಿನಿಂದ ಬಣ್ಣಬಣ್ಣಗಳ ನಡುವಣ ಗಡಿಗಳನ್ನೆಲ್ಲ ಅಳಿಸುತ್ತ ಹೋದಳು. ಹಚ್ಚಿದ್ದಕ್ಕೆ ಐದು ನಿಮಿಷ, ಹಚ್ಚಿದ್ದು ಕಾಣದಂತೆ ಮಾಡುವುದಕ್ಕೆ ಹದಿನೈದು ನಿಮಿಷ! ಕಂಪನಿ ನಾಟಕದ ಬಣ್ಣದ ಕೋಣೆಯನ್ನು ಬಾಲ್ಯದಲ್ಲಿ ಇಣುಕಿ ನೋಡಿದ ನಮಗೆ ಇದು ಹೊಸತು. ಅಲ್ಲಿ ಸಫೇದ, ಇಂಗಳೀಕಗಳ ಆರ್ಭಟ ಹಿಂದಿನ ಸಾಲಿನವನಿಗೂ ತಲುಪಬೇಕು. ಇಲ್ಲಿ ಎದುರಿಗೆ ಕುಳಿತವನಿಗೂ ಗೊತ್ತಾಗಬಾರದು.

ಇಷ್ಟೆಲ್ಲ ಮಾಡಿ ಕನ್ನಡಿ ನೋಡಿದವಳು ಮುಖ ಸಿಂಡರಿಸಿದಳು. ನಮ್ಮ ಮೊಮ್ಮಗಳದು ನಮ್ಮಂತೆಯೇ ಎಣ್ಣೆಗಪ್ಪು ಬಣ್ಣ. ಕೆನೆಬಣ್ಣವು ಅವಳ ರೆಪ್ಪೆಯ ಮೇಲೆ ಒಲೆಯ ಬೂದಿ ಕುಳಿತಂತೆ ಕಾಣುತ್ತಿತ್ತು. ಹಾಗೆಯೇ ಗೋಧಿಬಣ್ಣದ ಗುರುತೇ ಇಲ್ಲ, ಮೈಬಣ್ಣದಲ್ಲಿ ಕರಗಿಹೋಗಿತ್ತು. ಒಂಬತ್ತರಲ್ಲಿ ಮೂರು ಬಟ್ಟಲುಗಳು ಅವಳಿಗೆ ನಿರುಪಯೋಗಿ.

"ಎಲ್ಲಾರಿಗೂ ಒಪ್ಪತಾವ ಅಂತ ಬರದಾರ, ಅಜ್ಜಾ" ಎಂದಳು ಸಪ್ಪಗೆ.

ಯಾರನ್ನು ಎದುರಿಗಿಟ್ಟುಕೊಂಡು 'ಎಲ್ಲರೂ' ಎಂದು ಬರೆದರೋ! ಅಮೇರಿಕೆಯ ಬಾಬಿ ಬ್ರೌನ್ ಎಂಬ ಪ್ರಸಾಧನಗಾರ್ತಿ 1991ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕಂದುಮೂಲದ ಹತ್ತು ತುಟಿಬಣ್ಣಗಳನ್ನು ಮಾರಾಟಕ್ಕಿಟ್ಟು, ಗಾಢವರ್ಣಗಳ ಭರಾಟೆಯ ಎದುರಿಗೆ ಸಹಜವರ್ಣಗಳ ದಾರಿ ತೆರೆದರು. 2010ರಲ್ಲಿ ಅದೇ ದೇಶದ ಅರ್ಬನ್ ಡಿಕೇ ಎಂಬ ಕಂಪನಿ ನೇಕೆಡ್ ಎಂಬ ಹೆಸರಿನಲ್ಲಿ ಹನ್ನೆರಡು ಕಂದುಛಾಯೆಗಳ ಡಬ್ಬಿಯನ್ನು ತಂದಿತು. ಅದರ ಹುಚ್ಚು ಜಗತ್ತಿಗೆಲ್ಲ ಹಬ್ಬಿತು. 2018ರಲ್ಲಿ ಆ ಕಂಪನಿ ಅದನ್ನು ನಿಲ್ಲಿಸಿದರೂ ಅಂಥ ಡಬ್ಬಿಗಳು ನಿಲ್ಲಲಿಲ್ಲ. ಇವೆಲ್ಲ ಮೊಮ್ಮಗಳು ಹೇಳಿ ತಿಳಿದದ್ದು. ನಮ್ಮ ತರ್ಕ ಇಷ್ಟೇ: ಒಂದು ಮೈಯ ಮೇಲೆ ತಟಸ್ಥವಾದ ಬಣ್ಣ ಇನ್ನೊಂದು ಮೈಯ ಮೇಲೆ ಕೂಗಿ ಹೇಳುತ್ತದೆ. ಡಬ್ಬಿಯೊಳಗೆ ಯಾವ ಬಣ್ಣವೂ ತಟಸ್ಥವಲ್ಲ.

ಅವಳು ಸೋತು ಕೂರುವವಳಲ್ಲ. ಮುಖ ತೊಳೆದು ಬಂದು ಮತ್ತೆ ಆರಂಭಿಸಿದಳು. ಈ ಸಲ ಕಾವಿಯೇ ನೆಲಗಟ್ಟು. ಅದರ ಮೇಲೆ ಹೊರತುದಿಗೆ ಎರೆಮಣ್ಣು. ರೆಪ್ಪೆಯ ನಡುವೆ ಬೆರಳ ತುದಿಯಿಂದಲೇ ಒತ್ತಿದ ಕಂಚಿನ ಮಿನುಗು. ಮಿನುಗಿಗೆ ಬ್ರಶ್ಶಿಗಿಂತ ಬೆರಳು ಲೇಸಂತೆ, ಪುಡಿ ಉದುರದೆ ಹಿಡಿಯುತ್ತದೆ. ಕೆನ್ನೆಗೆ ಉದುರಿದ್ದನ್ನು ಒರೆಸಿ ನಮ್ಮತ್ತ ತಿರುಗಿದಳು. ಸಂಜೆಯ ಬಿಸಿಲು ಬಿದ್ದ ಕೆಮ್ಮಣ್ಣಿನ ಗೋಡೆಯಂತೆ ಬೆಚ್ಚಗಿನ ಕಾಂತಿ! ನಾವು ಪತ್ರಿಕೆ ಕೆಳಗಿಟ್ಟೆವು.

"ಆಯಿ, ಇನ್ನ ನಿನ್ನ ಪಾಳಿ" ಎಂದಳು.

ಮೊರ ನಿಂತಿತು. ನಮ್ಮ ಮನೆಯವರು ಏನೂ ಹೇಳದೆ ಎದ್ದು ಒಳಗೆ ಹೋದರು.

ಇನ್ನು ಹೇಳಬೇಕಾದ ಮಾತು. 2011ರ ಚಳಿಗಾಲದಲ್ಲಿ ನಮ್ಮ ಮನೆಯವರ ಬಲಗಣ್ಣಿನ ರೆಪ್ಪೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತು. ಒಂದು ವರ್ಷದಲ್ಲಿ ಎರಡೂ ರೆಪ್ಪೆಗಳಿಗೆ ಹರಡಿತು. ಬಲಗಣ್ಣಿನ ರೆಪ್ಪೆಗೂದಲುಗಳಲ್ಲಿ ಕೆಲವು ಬೆಳ್ಳಗಾದವು. ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಶರೀರದ ರಕ್ಷಣಾಶಕ್ತಿಯೇ ತಪ್ಪಾಗಿ ನಾಶ ಮಾಡುವುದರಿಂದ ಇದು ಬರುತ್ತದೆ, ಮುಟ್ಟಿದರೆ ಅಂಟುವುದಿಲ್ಲ, ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಚರ್ಮರೋಗ ತಜ್ಞರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಚರಕಸಂಹಿತೆಯಲ್ಲಿ ಶ್ವಿತ್ರದ ವಿಚಾರವು ಕುಷ್ಠಚಿಕಿತ್ಸೆಯ ಅಧ್ಯಾಯದ ಕೊನೆಯಲ್ಲಿಯೇ ಬರುತ್ತದೆ. ಹೊತ್ತಗೆಯಲ್ಲಿ ನೆರೆಹೊರೆಯಾಗಿ ಬಂದ ಎರಡನ್ನು ಲೋಕವು ಒಂದೇ ಎಂದು ತಿಳಿದುಕೊಂಡು ಕೂತಿದೆ.

ಲೋಕವೆಂದರೆ ಬೇರೆ ಯಾರೋ ಅಲ್ಲ. 2012ರಲ್ಲಿ ಬಂಧುಗಳ ಮನೆಯ ತೊಟ್ಟಿಲ ಕಾರ್ಯಕ್ರಮದಲ್ಲಿ ಕುಂಕುಮದ ಬಟ್ಟಲು ನಮ್ಮ ಮನೆಯವರನ್ನು ದಾಟಿ ಮುಂದಕ್ಕೆ ಹೋಯಿತು. 2014ರಲ್ಲಿ ಕಿರಿಯ ಮಗನಿಗೆ ಹೆಣ್ಣು ನೋಡುವಾಗ, ಒಪ್ಪಿಗೆಯಾಗಿದ್ದ ಬೀಗರೊಬ್ಬರು ಮನೆಗೆ ಬಂದು ಹೋದ ಮೇಲೆ ಸುದ್ದಿಯನ್ನೇ ಕಳಿಸಲಿಲ್ಲ. ನಮ್ಮ ಮನೆಯವರು ಅಂದಿನಿಂದ ಮದುವೆ ಮುಂಜಾವುಗಳಿಗೆ ಹೋಗುವುದನ್ನು ಕಡಿಮೆ ಮಾಡಿದರು. ಕೇಳಿದವರಿಗೆ ನಾವು "ಅವರಿಗೆ ಮೊಳಕಾಲು ನೋವು" ಎಂದು ಉತ್ತರಿಸುತ್ತಿದ್ದೆವು. ಸುಳ್ಳು. ಅವರ ಮೊಳಕಾಲುಗಳು ನಮ್ಮವಕ್ಕಿಂತ ಗಟ್ಟಿ. ಸಭೆಗಳಲ್ಲಿ ಎರಡು ಗಂಟೆ ನಿರರ್ಗಳವಾಗಿ ಮಾತನಾಡುವ ನಾವು, "ಇದು ಅಂಟುವ ರೋಗವಲ್ಲ" ಎಂಬ ಒಂದು ವಾಕ್ಯವನ್ನು ಹದಿಮೂರು ವರ್ಷ ಯಾರ ಎದುರಿಗೂ ಆಡಲಿಲ್ಲ. ಶೃಂಗಾರದ ವಿಚಾರ ನಮ್ಮಂಥವರಿಗೆ ಸಲ್ಲದೆಂಬ ಮಠದ ಅಭ್ಯಾಸವನ್ನು ಗುರಾಣಿಯಂತೆ ಹಿಡಿದು, ದಡದ ಮೇಲೆ ನಿಂತೆವು.

ಮೊಮ್ಮಗಳು ಅಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅಜ್ಜಿಯೊಡನೆ ಏನು ಮಾತನಾಡಿದಳೋ ನಮಗೆ ತಿಳಿಯದು. ಸಂಜೆ ಅವರನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ ಕೇಳಿಕೊಂಡು ಬಂದಳು. ಹಚ್ಚಬಹುದು, ಆದರೆ ಮೊದಲು ಮೊಳಕೈಯ ಒಳಮಗ್ಗುಲಲ್ಲಿ ಹಚ್ಚಿ ಒಂದು ದಿನ ಕಾಯಬೇಕು, ತುರಿಕೆ ಎದ್ದರೆ ಕೈಬಿಡಬೇಕು, ಒಬ್ಬರ ಕಣ್ಣಿಗೆ ಮುಟ್ಟಿಸಿದ ಬ್ರಶ್ಶನ್ನು ತೊಳೆಯದೆ ಇನ್ನೊಬ್ಬರಿಗೆ ಮುಟ್ಟಿಸಬಾರದು, ಉಜ್ಜಬಾರದು. ತುರಿಕೆ ಏಳಲಿಲ್ಲ. ಮದುವೆಯ ಮುನ್ನಾದಿನ, ಅರಿಷಿಣ ಹಚ್ಚುವ ದಿನ, ಕಿಟಕಿಯ ಬಳಿ ಜಮಖಾನೆ ಹಾಸಿದರು. ಕನ್ನಡಿ ಹಿಡಿಯುವ ಕೆಲಸ ನಮ್ಮ ಪಾಲಿಗೆ ಬಂತು.

ಸುಲಭವಾಗಲಿಲ್ಲ. ಬಿಳುಪಾದ ಚರ್ಮದ ಒಳಗಿನಿಂದ ರಕ್ತದ ನಸುಗೆಂಪು ಇಣುಕುತ್ತದೆ. ಅದರ ಮೇಲೆ ಕಾವಿ ಬಿದ್ದೊಡನೆ ಹೊಸ ಇಟ್ಟಂಗಿಯಂತಾಯಿತು. ಒರೆಸಿದಳು. ಎರಡನೆಯ ಸಲ ಮೊದಲಿಗೆ ಹಳದಿಯ ಕಡೆಗೆ ವಾಲುವ ಗೋಧಿಬಣ್ಣ, ತನ್ನ ಕಣ್ಣಿಗೆ ಬರಿದೇ ಕರಗಿಹೋಗಿದ್ದ ಅದೇ ಬಟ್ಟಲು. ಅದರ ಮೇಲೆ ಕಾವಿ, ಅದರ ಮೇಲೆ ಕಡಲೆಬೇಳೆಯ ಬಣ್ಣ. ಉಜ್ಜದೆ ಬ್ರಶ್ಶಿನ ತುದಿಯಿಂದ ತಟ್ಟಿ ತಟ್ಟಿ ಕೂರಿಸಿದಳು. ಮಿನುಗಿನ ಬಟ್ಟಲುಗಳನ್ನು ಮುಟ್ಟಲಿಲ್ಲ. ವಯಸ್ಸಾದ ರೆಪ್ಪೆಯ ಸುಕ್ಕುಗಳನ್ನು ಮಿನುಗು ಎತ್ತಿ ತೋರಿಸುತ್ತದೆ. ಕಣ್ಣು ಮುಚ್ಚಿದಾಗ ಸರಿಯಾಗಿ ಕಂಡದ್ದು ತೆರೆದಾಗ ಮಡಿಕೆಯೊಳಗೆ ಹೋಗಿ ಅಡಗುತ್ತಿತ್ತು. ಆದ್ದರಿಂದ, "ಆಯಿ, ಕಣ್ಣ ತಗದ ನೇರಕ ನೋಡು" ಎಂದು ತೆರೆದ ಕಣ್ಣಿನ ಮೇಲೆಯೇ ಎಷ್ಟು ಮೇಲಕ್ಕೆ ಹಚ್ಚಬೇಕೆಂದು ಗುರುತಿಸಿಕೊಂಡಳು.

ನೇರಕ್ಕೆ ಎಂದರೆ ಎಲ್ಲಿಗೆ? ಕನ್ನಡಿಯ ಹಿಂದೆ ನಾವು. ಒಂದು ಗಂಟೆಯ ಕಾಲ ಅವರು ನಮ್ಮನ್ನೂ ನಾವು ಅವರ ಕಣ್ಣುಗಳನ್ನೂ ನೋಡುತ್ತ ಕುಳಿತೆವು. ಎಡರೆಪ್ಪೆಯ ಬಿಳುಪಿನ ಅಂಚು ಹೊಳೆಯ ದಂಡೆಯಂತೆ ಒಳಕ್ಕೂ ಹೊರಕ್ಕೂ ಬಾಗಿದೆಯೆಂಬುದನ್ನು ಅಂದೇ ಮೊದಲು ಕಂಡೆವು. ಹದಿಮೂರು ವರ್ಷ ಎದುರಿಗೆ ಕುಳಿತು ಊಟ ಮಾಡಿದವರು ನಾವು!

ಮುಗಿಯಿತು. ಕಣ್ರೆಪ್ಪೆಗಳು ಗೋಧಿಬಣ್ಣದ ಮುಖದಲ್ಲಿ ಬೆರೆತುಹೋಗಿದ್ದವು. ನಮ್ಮ ಮನೆಯವರು ಕನ್ನಡಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿಕೊಂಡರು. ಅಂದು ಅರಿಷಿಣದ ಕಾರ್ಯಕ್ಕೆ ಹಾಗೆಯೇ ಹೋದರು, ಹಾಡು ಹೇಳಿದರು, ಯಾರೂ ಏನೂ ಕೇಳಲಿಲ್ಲ.

ಮದುವೆಯ ಬೆಳಿಗ್ಗೆ ಮೊಮ್ಮಗಳು ಡಬ್ಬಿ ತೆರೆದಾಗ ಅವರೇ ತಡೆದರು. "ಇವತ್ತ ಮುಚ್ಚಬ್ಯಾಡವಾ. ಅದರ ಮ್ಯಾಲ ಒಂದ ಗೀಟ ಎಳಿ ಸಾಕು."

"ಯಾಕ ಆಯಿ? ನಿನ್ನೆ ಅಷ್ಟ ಛಂದ ಆಗಿತ್ತು."

"ಆಗಿತ್ತು. ಕನ್ನಡ್ಯಾಗ ಒಬ್ಬಾಕಿನ್ನ ನೋಡಿದೆ, ಛಲೋ ಇದ್ಲು. ಆದರ ಆಕಿ ಹದಿಮೂರು ವರ್ಷದ ಹಿಂದಿನಾಕಿ. ಆಕೀನ ಒಮ್ಮೆ ನೋಡಬೇಕು ಅನಿಸಿತ್ತು, ನೋಡಿದೆ." ಸ್ವಲ್ಪ ತಡೆದು ಹಣೆಯ ವಿಭೂತಿಯನ್ನು ಮುಟ್ಟಿಕೊಂಡು ಅಂದರು, "ಇದೂ ಬೆಳ್ಳಗ ಐತಿ, ಅದೂ ಬೆಳ್ಳಗ ಐತಿ. ಇರಲಿ ಬಿಡು."

ಮರೆಮಾಚುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಹರೆಯದ ಹೆಣ್ಣುಮಗಳೊಬ್ಬಳು ಬಿಳುಪನ್ನು ಮುಚ್ಚಿಕೊಂಡು ನೆಮ್ಮದಿಯಿಂದ ಕಾಲೇಜಿಗೆ ಹೋಗುವುದಾದರೆ ಮುಚ್ಚಿಕೊಳ್ಳಲಿ. ಅದಕ್ಕೆಂದೇ ಗಟ್ಟಿಯಾದ ಲೇಪಗಳೂ ಇವೆ, ವೈದ್ಯರೇ ಸೂಚಿಸುತ್ತಾರೆ. ಇದು ನಮ್ಮ ಮನೆಯವರ ತೀರ್ಮಾನ, ಅಷ್ಟೆ.

ಮೊಮ್ಮಗಳು ಓರೆ ತುದಿಯ ಸಣ್ಣ ಬ್ರಶ್ಶನ್ನು ಒದ್ದೆ ಮಾಡಿ ಎರೆಮಣ್ಣಿನ ಬಟ್ಟಲಿಗೆ ಅದ್ದಿ, ರೆಪ್ಪೆಗೂದಲಿನ ಬುಡದಗುಂಟ ಕೂದಲೆಳೆಯಷ್ಟು ತೆಳುವಾದ ಗೆರೆ ಎಳೆದಳು. ಮೇಲಣ ಮಡಿಕೆಯಲ್ಲಿ ಕಾವಿಯ ಒಂದು ನೆರಳು. ನಡುವೆ ಬಿಳುಪು ತಾನಾಗಿಯೇ ಉಳಿಯಿತು, ಬೇಕೆಂದೇ ಬಿಟ್ಟ ಹಾಗೆ. ಮೂರು ದಿನಗಳಲ್ಲಿ ಅವಳು ಮಾಡಿದ ಅಲಂಕಾರಗಳಲ್ಲಿ ಅತಿ ಕಡಿಮೆ ಬಣ್ಣ ಹಿಡಿದದ್ದು ಇದೇ.

ಅಕ್ಕಿಕಾಳು ಬಿದ್ದ ಮೇಲೆ, ಊಟದ ಪಂಕ್ತಿಗೆ ಮುನ್ನ, ಹಿರಿಯ ಬಂಧುಗಳೊಬ್ಬರು ನಮ್ಮ ಬಳಿಗೆ ಬಂದು ದನಿ ತಗ್ಗಿಸಿ ಕೇಳಿದರು: "ಯಾಕ್ರೀ ಶಾಸ್ತ್ರಿಗಳ, ನಿಮ್ಮ ಮನಿಯವರ ಕಣ್ಣಿಗೆ ಏನಾಗೇತಿ?"

ಮೊಳಕಾಲು ನೋವು ನಾಲಗೆಯ ತುದಿಗೆ ಬಂದಿತ್ತು. "ತೊನ್ನು" ಎಂದೆವು. "ಅಂಟುವುದಿಲ್ಲ. ಕುಷ್ಠವಲ್ಲ. ಹದಿಮೂರು ವರ್ಷವಾಯಿತು, ನಮಗೆ ಅಂಟಿಲ್ಲ ನೋಡಿರಿ." ದನಿಯನ್ನು ತಗ್ಗಿಸಲಿಲ್ಲ. ಪಕ್ಕದ ನಾಲ್ಕು ಕುರ್ಚಿಗಳಿಗೂ ಕೇಳಿಸಿತು. ಎರಡು ಹೆಜ್ಜೆ ದೂರದಲ್ಲಿದ್ದ ನಮ್ಮ ಮನೆಯವರು ತಿರುಗಿ ನೋಡಿ, ಮತ್ತೆ ತಮ್ಮ ಮಾತಿಗೆ ಮರಳಿದರು. ಉಡಿ ತುಂಬುವಾಗ ಮದುಮಗಳ ತಾಯಿ ಅವರನ್ನು ಕರೆದರು. ಒಬ್ಬ ಹೆಂಗಸು ಕೈ ಹಿಂದೆಗೆದುಕೊಂಡದ್ದನ್ನೂ ನಾವು ಕಂಡೆವು. ಹುಡುಗಿಯರು ಮಾತ್ರ ಆ ಗೆರೆ ಯಾವ ಬಣ್ಣದ್ದೆಂದು ಮೊಮ್ಮಗಳನ್ನು ಸುತ್ತುವರಿದಿದ್ದರು.

ಅವಳು ಹುಬ್ಬಳ್ಳಿಗೆ ಹೋಗುವಾಗ ಡಬ್ಬಿಯನ್ನು ಅಜ್ಜಿಗೇ ಬಿಟ್ಟುಹೋದಳು. ಬೆನ್ನಿನ ಮೇಲೆ ತೆರೆದ ಭರಣಿಯ ಚಿತ್ರವೂ ಅದರೊಳಗೆ 24 ಎಂಬ ಅಂಕಿಯೂ ಇವೆ; ತೆರೆದ ಮೇಲೆ ಇಪ್ಪತ್ತುನಾಲ್ಕು ತಿಂಗಳು ಬಳಸಬಹುದೆಂದು ಅದರ ಅರ್ಥ. ಅಷ್ಟು ದಿನ ಕಾಯಬೇಕಾಗಲಿಲ್ಲ. ಶ್ರಾವಣದ ಹೊತ್ತಿಗೆ ನಮ್ಮ ಮನೆಯವರು ಹೇಳಿದರು: "ಆ ಕಾವೀ ಬಟ್ಟಲದ ತಳ ಕಾಣಾಕ ಹತ್ತೇತಿ. ಅದೊಂದ ಬ್ಯಾರೆ ಸಿಗತೈತೇನು, ಪ್ಯಾಟಿಗೆ ಹ್ವಾದಾಗ ಕೇಳ್ರಿ."

ಧೋತರ, ಉತ್ತರೀಯಗಳಲ್ಲಿ ನಾವು ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ಒಳಗಿದ್ದ ಕಾಲೇಜು ಹುಡುಗಿಯರು ದಾರಿ ಬಿಟ್ಟರು. ಬಿಡಿ ಬಟ್ಟಲುಗಳೂ ಸಿಗುತ್ತವೆ. ಯಾವ ಬಣ್ಣ ಬೇಕೆಂದು ಅಂಗಡಿಯ ಹುಡುಗಿ ಕೇಳಿದಳು. ಮಠದ ಕಾವಿಗಿಂತ ಒಂದು ಪಾಲು ಕೆಂಪು ಕಡಿಮೆ, ಮಿನುಗು ಇರಬಾರದು ಎಂದೆವು. ಅವಳಿಗೆ ಅರ್ಥವಾಗಲಿಲ್ಲ. ಕೈ ಚಾಚಲು ಹೇಳಿ ನಮ್ಮ ಮುಂಗೈಯ ಮೇಲೆ ನಾಲ್ಕು ಬಣ್ಣಗಳ ನಾಲ್ಕು ಗೆರೆ ಎಳೆದು, ಒಂದೊಂದರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಟ್ಟಳು. ಆ ಕೈಯನ್ನು ಯಾವುದಕ್ಕೂ ತಾಗಿಸದಂತೆ ಮುಂದಕ್ಕೆ ಹಿಡಿದುಕೊಂಡು, ಸಿಟಿ ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆವು. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ನಮ್ಮ ಕೈ ತಿರುಗಿಸಿ ನೋಡಿ, ಮೂರನೆಯ ಗೆರೆಯ ಮೇಲೆ ಬೆರಳಿಟ್ಟರು.